ಕೊನೆಯೇ ಇಲ್ಲದ ಕಲ್ಪನಾಲೋಕದ ಆಟ ಮಕ್ಕಳ ತಲೆ ಕೆಡಿಸುತ್ತದೆಯೇ?

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಚೌಕಾಬಾರದಂತೆ ಇಲ್ಲಿ ಹಣ್ಣಾಗುವ ಮನೆಯಿಲ್ಲ. ನಕ್ಷೆ ದಾಟಿದರೆ ಹೊಸ ಊರು ಹುಟ್ಟುತ್ತದೆ. ಒಂದೇ ಕಥೆ ವರ್ಷಗಟ್ಟಲೆ ಸಾಗಬಹುದು.

ಹೀಗೆ ಕೊನೆಯಿಲ್ಲದ ಕಾರಣಕ್ಕೇ ಮಕ್ಕಳು ಅದರಲ್ಲಿ ಕಳೆದುಹೋಗುತ್ತಾರೆ ಎಂಬ ಭಯ ಹಬ್ಬಿದ್ದು 1979ರಲ್ಲಿ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ 16 ವರ್ಷದ ವಿದ್ಯಾರ್ಥಿಯೊಬ್ಬ ನಾಪತ್ತೆಯಾದ. ಈ ಆಟ ಆಡುತ್ತಾ ನೆಲದಡಿಯ ಸುರಂಗ ಸೇರಿರಬಹುದು ಎಂಬ ಖಾಸಗಿ ಪತ್ತೇದಾರನ ಊಹೆ ದೊಡ್ಡ ಸುದ್ದಿಯಾಯಿತು.

ನಿಜವೇನು? ಸುಮಾರು ಒಂದು ತಿಂಗಳ ಬಳಿಕ ಹುಡುಗ ಬೇರೆ ರಾಜ್ಯದಲ್ಲಿ ಸಿಕ್ಕ. ಆತ ತೀವ್ರ ಖಿನ್ನತೆಯಲ್ಲಿದ್ದ. ಆತ ಸುರಂಗಕ್ಕೆ ಹೋಗಲು ಆಟ ಕಾರಣವಲ್ಲ ಎಂದು ಅದೇ ಪತ್ತೇದಾರ 1984ರ ತನ್ನ ಪುಸ್ತಕದಲ್ಲಿ ಬರೆದ. ಅಷ್ಟರಲ್ಲಿ ವದಂತಿ ಬೇರು ಬಿಟ್ಟಾಗಿತ್ತು.

ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಮಗು ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ ಮೊದಲು ಕೂತು ಮಾತನಾಡಿಸಿ, ಬೇಕಾದರೆ ವೈದ್ಯರಿಗೆ ತೋರಿಸಿ. ದಾಳ ಕಸಿದುಕೊಂಡ ಮಾತ್ರಕ್ಕೆ ಒಳಗಿನ ನೋವು ಹೋಗುವುದಿಲ್ಲ.