ಕಾರ್ಡಿನ ಕಳವು ಮತ್ತು ಮೂರು ದಿನಗಳ ಗಡುವು

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಮುಳುಗಡೆಯಾಗಲಿರುವ ಜಮೀನಿಗೆ, ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಪರಿಹಾರ ನೀಡಲು ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ತಲೆಮಾರುಗಳಿಂದ ಉತ್ತು ಬಿತ್ತಿದ ಹೊಲವು ಒಂದು ದಿನ ಪಾಸ್‌ಬುಕ್ಕಿನ ಒಂದು ಸಾಲಾಗಿ ಮಾರ್ಪಡುತ್ತದೆ. ತಾಯಂದಿರಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಹಣ, ವೃದ್ಧರ ಪಿಂಚಣಿ, ಬೆಳೆವಿಮೆಯ ಮೊತ್ತ, ಇಳಕಲ್ಲಿನ ಎಷ್ಟೋ ನೇಕಾರರ ಮಜೂರಿ ಸಹ ಇಂದು ಬ್ಯಾಂಕ್ ಖಾತೆಗೇ ಜಮೆಯಾಗುತ್ತವೆ. ಹಣ ನಡೆಯುವ ದಾರಿ ಬದಲಾದಂತೆ ಕಳ್ಳರು ಹೊಂಚು ಹಾಕುವ ದಾರಿಯೂ ಬದಲಾಗಿದೆ. ಆ ದಾರಿಯನ್ನು ಸದ್ಭಕ್ತರೆಲ್ಲರೂ ಅರಿತಿರುವುದು ಇಂದಿನ ಅಗತ್ಯ.

ಎಟಿಎಂ ಕಾರ್ಡಿನ ಹಿಂಬದಿಯಲ್ಲಿರುವ ಕಪ್ಪು ಪಟ್ಟಿಯಲ್ಲಿ ಕಾರ್ಡಿನ ಸಂಖ್ಯೆ, ಅವಧಿ ಮೊದಲಾದ ವಿವರಗಳು ಕಾಂತೀಯ ರೂಪದಲ್ಲಿ ಅಡಗಿರುತ್ತವೆ. ಅವು ಎಂದಿಗೂ ಬದಲಾಗುವುದಿಲ್ಲ. ಒಮ್ಮೆ ಓದಿಕೊಂಡವನು ಮತ್ತೊಂದು ಖಾಲಿ ಕಾರ್ಡಿನ ಮೇಲೆ ಅವನ್ನೇ ಬರೆಯಬಲ್ಲ. ಕಳ್ಳರು ಯಂತ್ರದ ಕಾರ್ಡು ತೂರಿಸುವ ಬಾಯಿಗೆ ಅದರದೇ ಬಣ್ಣ, ಆಕಾರದ ತೆಳುವಾದ ಸಾಧನವೊಂದನ್ನು ಅಂಟಿಸುತ್ತಾರೆ. ಕೀಲಿಮಣೆಯ ಮೇಲ್ಭಾಗದಲ್ಲಿ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಕ್ಯಾಮೆರಾ ಇರಿಸುತ್ತಾರೆ, ಇಲ್ಲವೇ ಕೀಲಿಮಣೆಯ ಮೇಲೆಯೇ ನಕಲಿ ಕೀಲಿಮಣೆ ಹೊದಿಸುತ್ತಾರೆ. ಸಾಧನವು ಕಾರ್ಡನ್ನು ಓದುತ್ತದೆ, ಕ್ಯಾಮೆರಾ ಪಿನ್ ಎಂಬ ಗುಪ್ತಸಂಖ್ಯೆಯನ್ನು ನೋಡುತ್ತದೆ. ಎರಡೂ ಕೂಡಿದರೆ ಖಾತೆಯ ಬಾಗಿಲು ತೆರೆದಂತೆಯೇ. ಇದಕ್ಕೆ ಸ್ಕಿಮ್ಮಿಂಗ್ ಎಂದು ಹೆಸರು. ಕಾರ್ಡು ನಮ್ಮ ಜೇಬಿನಲ್ಲಿಯೇ ಇರುತ್ತದೆ. ಹಣ ಮಾತ್ರ ಇನ್ನೊಂದು ಊರಿನಲ್ಲಿ, ಬಹುಮಟ್ಟಿಗೆ ನಡುರಾತ್ರಿಯ ಹೊತ್ತಿನಲ್ಲಿ ಹೊರಬೀಳುತ್ತದೆ. ಹನ್ನೆರಡು ಗಂಟೆಗೆ ಮೊದಲೊಮ್ಮೆ, ಅನಂತರ ಮತ್ತೊಮ್ಮೆ ತೆಗೆದರೆ ಎರಡು ದಿನಗಳ ಮಿತಿಯಷ್ಟು ಹಣ ಒಟ್ಟಿಗೆ ದಕ್ಕುತ್ತದೆ ಎಂಬುದು ಅವರ ಲೆಕ್ಕ.

ಈ ಅಪಾಯದ ಗಾತ್ರ ದೇಶಕ್ಕೆ ತಿಳಿದದ್ದು 2016ರಲ್ಲಿ. ಎಟಿಎಂ ಜಾಲವನ್ನು ನಿರ್ವಹಿಸುತ್ತಿದ್ದ ಸಂಸ್ಥೆಯೊಂದರ ಗಣಕ ವ್ಯವಸ್ಥೆಗೆ ದುಷ್ಟ ತಂತ್ರಾಂಶ ನುಗ್ಗಿ, ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ವಿವರ ಅಪಾಯಕ್ಕೆ ಸಿಲುಕಿತು. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಅಪಹರಣವಾಯಿತು. ನಕಲಿ ಕಾರ್ಡುಗಳ ಮೂಲಕ 28 ದೇಶಗಳ ಎಟಿಎಂಗಳಲ್ಲಿ ಹಣ ತೆಗೆಯಲಾಗಿತ್ತು. ಇಂಥ ಅನುಭವಗಳ ನಡುವೆ ಭಾರತೀಯ ರಿಸರ್ವ್ ಬ್ಯಾಂಕ್, ಬರಿಯ ಕಪ್ಪು ಪಟ್ಟಿಯ ಕಾರ್ಡುಗಳ ಬದಲು ಚಿಪ್ ಇರುವ ಕಾರ್ಡುಗಳನ್ನು ನೀಡಲು 2018ರ ಡಿಸೆಂಬರ್ 31ರ ಗಡುವು ವಿಧಿಸಿತು. ಚಿಪ್ ಪ್ರತಿಯೊಂದು ವ್ಯವಹಾರಕ್ಕೂ ಹೊಸ ಸಂಕೇತವನ್ನು ಹುಟ್ಟಿಸುತ್ತದೆ. ಇಂದು ಕದ್ದ ಸಂಕೇತ ನಾಳೆಗೆ ಉಪಯೋಗಕ್ಕೆ ಬಾರದು. ಆದರೂ ಕಾರ್ಡುಗಳಲ್ಲಿ ಕಪ್ಪು ಪಟ್ಟಿ ಇನ್ನೂ ಉಳಿದಿರುವುದರಿಂದ ಅಪಾಯ ಕಡಿಮೆಯಾಗಿದೆಯೇ ಹೊರತು ಇಲ್ಲವಾಗಿಲ್ಲ.

ಯಂತ್ರ ಗಟ್ಟಿಯಾದಾಗ ಕಳ್ಳ ಮನುಷ್ಯನ ಕಡೆಗೆ ತಿರುಗುತ್ತಾನೆ. ಎಟಿಎಂ ಮುಂದೆ ತಡವರಿಸುವ ಹಿರಿಯರಿಗೆ ಸಹಾಯ ಮಾಡುವ ನೆಪದಲ್ಲಿ ಪಿನ್ ತಿಳಿದುಕೊಂಡು, ಅದೇ ಬ್ಯಾಂಕಿನ, ಅದೇ ಬಣ್ಣದ ಬೇರೊಂದು ಕಾರ್ಡನ್ನು ಕೈಗಿಡುವುದು ಈಗಿನ ಸಾಮಾನ್ಯ ತಂತ್ರ. ಬಾದಾಮಿಯ ಬನಶಂಕರಿ ಜಾತ್ರೆ, ಕೂಡಲಸಂಗಮದ ಶರಣಮೇಳದಂಥ ಜನಜಂಗುಳಿಯ ದಿನಗಳಲ್ಲಿ ಎಟಿಎಂ ಮುಂದೆ ಸಾಲು ಬೆಳೆದು, ಹಿಂದೆ ನಿಂತವರ ಅವಸರ ಹೆಚ್ಚುತ್ತದೆ. ಇಂಥ ಗದ್ದಲವೇ ವಂಚಕನಿಗೆ ಅನುಕೂಲ.

ಕಾರ್ಡೇ ಇಲ್ಲದವರೂ ಸುರಕ್ಷಿತರಲ್ಲ ಎಂಬುದನ್ನು 2023ರಲ್ಲಿ ನಮ್ಮ ರಾಜ್ಯ ಕಂಡಿತು. ಕಾವೇರಿ ಜಾಲತಾಣದಿಂದ ಪಡೆದ ಆಸ್ತಿ ನೋಂದಣಿ ಪತ್ರಗಳ ಪ್ರತಿಗಳಲ್ಲಿದ್ದ ಆಧಾರ್ ಸಂಖ್ಯೆ ಹಾಗೂ ಹೆಬ್ಬೆರಳ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಪಿನ್ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಆದ್ದರಿಂದ ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಉಚಿತ ಸೌಲಭ್ಯವನ್ನು, ಜಮೀನು ನೋಂದಣಿ ಮಾಡಿಸಿದವರು ವಿಶೇಷವಾಗಿ ಬಳಸಿಕೊಳ್ಳಬೇಕು.

ಕಳೆದ ಹಣ ಮರಳಿ ಬರುವುದೇ? ಇದಕ್ಕೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಸ್ಪಷ್ಟ ಉತ್ತರ ನೀಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅದನ್ನು ಅನ್ವಯಿಸಿತು. ತಪ್ಪು ಗ್ರಾಹಕನದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ವ್ಯವಸ್ಥೆಯ ಬೇರೆಡೆ ಇದ್ದಾಗ, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟದ ಹೊಣೆ ಇಲ್ಲ. ನಾಲ್ಕರಿಂದ ಏಳು ದಿನಗಳಾದರೆ ಮೂಲ ಉಳಿತಾಯ ಖಾತೆಯವರಿಗೆ ಗರಿಷ್ಠ 5,000, ಇತರ ಉಳಿತಾಯ ಖಾತೆಯವರಿಗೆ 10,000 ರೂಪಾಯಿಯವರೆಗೆ ಹೊಣೆ ಬೀಳುತ್ತದೆ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ ನಿರ್ಣಯ. ದೂರು ಬಂದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ತೋರಿಸಬೇಕು, 90 ದಿನಗಳಲ್ಲಿ ದೂರನ್ನು ಇತ್ಯರ್ಥಪಡಿಸಬೇಕು. ಗ್ರಾಹಕನ ತಪ್ಪೆಂದು ಸಾಧಿಸುವ ಭಾರವೂ ಬ್ಯಾಂಕಿನದೇ.

ಆದರೆ ಇದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಗ್ರಾಹಕನೇ ಪಿನ್ ಮೊದಲಾದ ಗುಪ್ತ ವಿವರವನ್ನು ಇತರರಿಗೆ ತಿಳಿಸಿದ್ದರೆ, ದೂರು ನೀಡುವವರೆಗಿನ ಸಂಪೂರ್ಣ ನಷ್ಟ ಅವನದೇ. ನಮ್ಮ ಭಾಗದ ಬದುಕಿಗೂ ಈ ನಿಯಮಕ್ಕೂ ಘರ್ಷಣೆ ಏಳುವುದು ಇಲ್ಲಿಯೇ. ಬಾದಾಮಿ, ಹುನಗುಂದ ತಾಲ್ಲೂಕುಗಳ ಎಷ್ಟೋ ಮನೆಗಳ ಮಕ್ಕಳು ದುಡಿಮೆಗಾಗಿ ಮಂಗಳೂರು, ಗೋವಾ, ಬೆಂಗಳೂರುಗಳಲ್ಲಿದ್ದಾರೆ. ಕಾರ್ಡು ಊರಿನ ತಾಯಿಯ ಬಳಿ, ಖಾತೆಗೆ ಜೋಡಿಸಿದ ಮೊಬೈಲ್ ದೂರದ ಮಗನ ಬಳಿ, ಪಿನ್ ನೆರೆಮನೆಯ ಹುಡುಗನ ಬಾಯಲ್ಲಿ! ಹಣ ಹೋದ ಸಂದೇಶ ತಾಯಿಗೆ ಕಾಣುವುದಿಲ್ಲ, ಮಗ ಅದನ್ನು ಗಮನಿಸುವುದಿಲ್ಲ. ಮೂರು ದಿನಗಳು ಸದ್ದಿಲ್ಲದೆ ಉರುಳುತ್ತವೆ. ನಂಬಿಕೆಯಿಂದ ನಡೆಯುವ ನಮ್ಮ ಸಮಾಜದಲ್ಲಿ ಪಿನ್ ಹೇಳುವುದು ಸಣ್ಣ ಸಂಗತಿ ಎನಿಸಬಹುದು. ಕಾನೂನಿನ ಕಣ್ಣಿನಲ್ಲಿ ಅದು ನಮ್ಮ ಹಕ್ಕನ್ನು ನಾವೇ ಬಿಟ್ಟುಕೊಟ್ಟಂತೆ.

ಹಾಗಾದರೆ ಮಾಡಬೇಕಾದದ್ದೇನು? ಭೂಪರಿಹಾರ, ನಿವೃತ್ತಿ ಹಣದಂಥ ದೊಡ್ಡ ಮೊತ್ತವಿರುವ ಖಾತೆಗೆ ಕಾರ್ಡನ್ನೇ ಪಡೆಯದಿರುವುದು ಲೇಸು. ದಿನಬಳಕೆಗೆ ಅಲ್ಪ ಹಣದ ಬೇರೆ ಖಾತೆ ಇರಲಿ. ಖಾತೆಗೆ ಈಗ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯೇ ಇದೆಯೇ ಎಂದು ಶಾಖೆಗೆ ಹೋಗಿ ಖಚಿತಪಡಿಸಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಹಾಗೂ ಆನ್‌ಲೈನ್ ಬಳಕೆಯನ್ನು ಅಗತ್ಯವಿಲ್ಲದಾಗ ಮುಚ್ಚಿ, ದಿನದ ಮಿತಿಯನ್ನು ತಗ್ಗಿಸಿಡಬಹುದು. ಎಟಿಎಂನಲ್ಲಿ ಕಾರ್ಡು ತೂರಿಸುವ ಭಾಗವನ್ನು ಮೆಲ್ಲನೆ ಅಲುಗಾಡಿಸಿ ನೋಡಿ, ಸಡಿಲವೆನಿಸಿದರೆ ಬಳಸದೆ ಹೊರಬರಬೇಕು. ಪಿನ್ ಒತ್ತುವಾಗ ಇನ್ನೊಂದು ಕೈಯನ್ನು ಅಡ್ಡ ಹಿಡಿಯಬೇಕು. ಕ್ಯಾಮೆರಾಕ್ಕೆ ಇದಕ್ಕಿಂತ ಸರಳ ಮದ್ದಿಲ್ಲ. ಅಂಗಡಿ, ವಸತಿಗೃಹಗಳಲ್ಲಿ ಕಾರ್ಡನ್ನು ಕಣ್ಮರೆಗೆ ಒಯ್ಯಲು ಬಿಡಬಾರದು. ಕಾರ್ಡು ಕೈಗೆ ಮರಳಿದಾಗ ಅದರ ಮೇಲಿನ ಹೆಸರನ್ನು ಓದಿಕೊಳ್ಳಬೇಕು.

ಹಣ ಹೋದದ್ದು ತಿಳಿದೊಡನೆ ಬ್ಯಾಂಕಿಗೆ ಕರೆ ಮಾಡಿ ಕಾರ್ಡನ್ನು ನಿಲ್ಲಿಸಿ, ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ಬಳಿಕ 1930 ಸಹಾಯವಾಣಿಗೂ, ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ಮಾರ್ಗಮಧ್ಯದಲ್ಲಿಯೇ ತಡೆಯುವ ಸಾಧ್ಯತೆ ಹೆಚ್ಚು. ಬ್ಯಾಂಕು 30 ದಿನಗಳಲ್ಲಿ ಸಮರ್ಪಕ ಉತ್ತರ ನೀಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರುವುದೇ ವಂಚಕರ ದೊಡ್ಡ ಬಲ. ನಾಚಬೇಕಾದವನು ಕದ್ದವನು, ಕಳೆದುಕೊಂಡವನಲ್ಲ. ಪ್ರತಿ ಮನೆಯ ಓದುಬಲ್ಲ ಮಕ್ಕಳು ವಾರಕ್ಕೊಮ್ಮೆ ಹಿರಿಯರ ಪಾಸ್‌ಬುಕ್ ಹಾಗೂ ಸಂದೇಶಗಳನ್ನು ಅವರೊಡನೆ ಕುಳಿತು ಓದಿ ಹೇಳಲಿ. ಸ್ವಸಹಾಯ ಸಂಘಗಳ ಸಭೆಗಳಲ್ಲಿ, ಮಾಸಿಕ ಅನುಭಾವ ಗೋಷ್ಠಿಗಳಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಮೀಸಲಾಗಲಿ. ಬೆವರು ಸುರಿಸಿ ಕಾಯಕದಿಂದ ಗಳಿಸಿದ್ದನ್ನು ಕಾಯ್ದುಕೊಳ್ಳುವುದು ಲೋಭವಲ್ಲ. ಅದು ಆ ಕಾಯಕಕ್ಕೆ ತೋರುವ ಗೌರವ.