ಗುರುವಿನ ಕೈಯಲ್ಲಿ ಬಂದೂಕು, ಅನುಮಾನ ಯಾರ ಮೇಲೆ?

ಅಮೆರಿಕದ ಟೆನೆಸ್ಸಿ ರಾಜ್ಯವು 2024ರ ಏಪ್ರಿಲ್‌ನಲ್ಲಿ ಹೊಸದೊಂದು ಕಾನೂನನ್ನು ಜಾರಿಗೆ ತಂದಿತು. ಅದರನ್ವಯ 40 ಗಂಟೆಗಳ ತರಬೇತಿ ಪಡೆದ ಶಿಕ್ಷಕರು, ಶಾಲಾ ಆಡಳಿತ ಮತ್ತು ಪೊಲೀಸರ ಅನುಮತಿಯೊಂದಿಗೆ, ಪಿಸ್ತೂಲನ್ನು ಮರೆಯಲ್ಲಿಟ್ಟುಕೊಂಡು ತರಗತಿಗೆ ಬರಬಹುದು. ಯಾರ ಬಳಿ ಪಿಸ್ತೂಲಿದೆ ಎಂಬುದನ್ನು ಪಾಲಕರಿಗೆ ತಿಳಿಸಬೇಕಾಗಿಲ್ಲ. ಹಿಂದಿನ ವರ್ಷ ನ್ಯಾಶ್‌ವಿಲ್‌ನ ಶಾಲೆಯೊಂದರಲ್ಲಿ ಮೂವರು ಮಕ್ಕಳೂ ಮೂವರು ಸಿಬ್ಬಂದಿಯೂ ಹತರಾದ ಬಳಿಕ ಆ ರಾಜ್ಯದ ಶಾಸಕರು ಕಂಡುಕೊಂಡ ಉತ್ತರ ಇದು.

ಈ ನಿಲುವನ್ನು ಕೇವಲ ಬಂದೂಕಿನ ವ್ಯಾಮೋಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪೊಲೀಸ್ ಠಾಣೆಯಿಂದ ಬಹು ದೂರವಿರುವ ಹಳ್ಳಿಗಾಡಿನ ಶಾಲೆಯ ಪಾಲಕರ ಭಯ ನಿಜವಾದದ್ದೇ. ಪೊಲೀಸರು ಬಂದರೂ ಸಾಲದು ಎಂಬುದನ್ನು 2022ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಯುವಾಲ್ಡಿ ತೋರಿಸಿತು. ಅಲ್ಲಿ ಸೇರಿದ 376 ಮಂದಿ ಸಶಸ್ತ್ರ ಸಿಬ್ಬಂದಿ ಹಂತಕನನ್ನು ಎದುರಿಸಲು 77 ನಿಮಿಷ ತೆಗೆದುಕೊಂಡರು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಆದರೆ ವರ್ಷಗಟ್ಟಲೆ ತರಬೇತಾದವರೇ ಹಿಂಜರಿದ ಕಡೆ, 40 ಗಂಟೆ ಕಲಿತ ಗಣಿತದ ಮೇಷ್ಟ್ರು ಏನು ಮಾಡಿಯಾರು ಎಂಬ ಪ್ರಶ್ನೆಯೂ ಅದೇ ಘಟನೆಯಿಂದ ಏಳುತ್ತದೆ.

ನನ್ನ ಆತಂಕ ಬೇರೆಯದು. ಹಂತಕ ಒಂದು ಶಾಲೆಗೆ ಬರುವ ಸಂಭವ ತೀರಾ ಅಪರೂಪ. ಶಿಕ್ಷಕರ ಪಿಸ್ತೂಲಾದರೋ ದಿನವೂ ತರಗತಿಯಲ್ಲಿರುತ್ತದೆ. ಲಾಭ ಎಂದೋ ಒಮ್ಮೆ, ಅಪಾಯ ನಿತ್ಯ. ಆ ಅಪಾಯವೂ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಅಮೆರಿಕದ ಸರ್ಕಾರಿ ಶಾಲೆಗಳ ಐವರು ಶಿಕ್ಷಕರಲ್ಲಿ ಸುಮಾರು ನಾಲ್ವರು ಬಿಳಿಯರು. ಮಕ್ಕಳಲ್ಲಿ ಬಿಳಿಯರು ಅರ್ಧಕ್ಕಿಂತ ಕಡಿಮೆ. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ನೀಡಿದ ವರದಿಯ ಪ್ರಕಾರ, 2013–14ರಲ್ಲಿ ಕಪ್ಪುವರ್ಣೀಯ ಮಕ್ಕಳು ವಿದ್ಯಾರ್ಥಿಗಳಲ್ಲಿ ಶೇ 15.5ರಷ್ಟಿದ್ದರೆ, ಶಾಲೆಯಿಂದ ಅಮಾನತಾದವರಲ್ಲಿ ಶೇ 39ರಷ್ಟಿದ್ದರು. ಶಿಸ್ತಿನ ಹೆಸರಿನಲ್ಲಿಯೇ ಇಷ್ಟು ವ್ಯತ್ಯಾಸವಿರುವಾಗ, ಗುಂಡು ಹಾರಿಸುವ ನಿರ್ಧಾರ ವರ್ಣವನ್ನು ಮರೆತೀತೆ? 2018ರಲ್ಲಿ ಪಾರ್ಕ್‌ಲ್ಯಾಂಡ್ ಹತ್ಯಾಕಾಂಡದ ನಂತರ ಫ್ಲಾರಿಡಾದಲ್ಲಿ ಕಪ್ಪುವರ್ಣೀಯ ಶಾಸಕರು ಎತ್ತಿದ್ದು ಇದೇ ಮಾತನ್ನು.

ಸೇವೆಯಲ್ಲಿದ್ದಾಗ ಬಂದೂಕು ಪರವಾನಗಿಯ ಕಡತಗಳು ನನ್ನ ಮೇಜಿಗೂ ಬರುತ್ತಿದ್ದವು. ಅರ್ಜಿದಾರ ಎಂಥವನೆಂದು ಪೊಲೀಸ್ ವರದಿ ಹೇಳುತ್ತಿತ್ತು. ಬಂದೂಕು ಹಿಡಿದ ಅವನನ್ನು ಬೇರೆಯವರು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದು ಯಾವ ಕಡತದಲ್ಲೂ ಇರುತ್ತಿರಲಿಲ್ಲ.

ಕಪ್ಪುವರ್ಣೀಯ ಶಿಕ್ಷಕನೊಬ್ಬ ಪಿಸ್ತೂಲು ಹಿಡಿದು ಮಕ್ಕಳ ರಕ್ಷಣೆಗೆ ನಿಂತಿದ್ದಾನೆ ಎಂದುಕೊಳ್ಳೋಣ. ಆಗ ಪೊಲೀಸರು ಒಳನುಗ್ಗುತ್ತಾರೆ. ಇದು ಬರಿಯ ಊಹೆಯಲ್ಲ. 2018ರ ನವೆಂಬರ್‌ನಲ್ಲಿ ಶಿಕಾಗೊ ಬಳಿಯ ರಾಬಿನ್ಸ್‌ನಲ್ಲಿ, ಬಾರೊಂದರ ಕಪ್ಪುವರ್ಣೀಯ ಭದ್ರತಾ ಸಿಬ್ಬಂದಿ ಗುಂಡು ಹಾರಿಸಿದ್ದವನೊಬ್ಬನನ್ನು ಹಿಡಿದಿಟ್ಟಿದ್ದ. ಆಮೇಲೆ ಬಂದ ಪೊಲೀಸ್ ಅಧಿಕಾರಿ ಗುಂಡಿಕ್ಕಿದ್ದು ಆ ಭದ್ರತಾ ಸಿಬ್ಬಂದಿಗೆ.

ಅದಕ್ಕೂ ಮೊದಲು, 2016ರ ಜುಲೈನಲ್ಲಿ, ಮಿನೆಸೋಟದಲ್ಲಿ ಫಿಲ್ಯಾಂಡೊ ಕ್ಯಾಸ್ಟೀಲ್ ಎಂಬಾತನ ಕಾರನ್ನು ಪೊಲೀಸರು ತಡೆದರು. ಆತನ ಬಳಿ ಬಂದೂಕಿತ್ತು, ಪರವಾನಗಿಯೂ ಇತ್ತು. ಬಂದೂಕಿದೆಯೆಂದು ತಾನಾಗಿಯೇ ವಿನಯದಿಂದ ತಿಳಿಸಿದ. ಕೆಲವೇ ಕ್ಷಣಗಳಲ್ಲಿ ಅಧಿಕಾರಿ ಏಳು ಬಾರಿ ಗುಂಡು ಹಾರಿಸಿದ; ಮರುವರ್ಷ ನ್ಯಾಯಾಲಯದಲ್ಲಿ ದೋಷಮುಕ್ತನೂ ಆದ. ಕ್ಯಾಸ್ಟೀಲ್ ಕೆಲಸ ಮಾಡುತ್ತಿದ್ದುದು ಒಂದು ಶಾಲೆಯ ಊಟದ ಮನೆಯಲ್ಲಿ. ಯಾವ ಮಗುವಿಗೆ ಯಾವ ತಿನಿಸು ಒಗ್ಗುವುದಿಲ್ಲ ಎಂಬುದು ಆತನಿಗೆ ಬಾಯಿಪಾಠವಾಗಿತ್ತು.