ಹೊತ್ತು ಮೀರುವ ಮುನ್ನ ಸೌಹಾರ್ದದ ಕೆಲಸ

ಹೊರನಾಡ ಕನ್ನಡಿಗರಿಗೆ ಭಾಷೆಯ ಹೆಸರಿನ ದ್ವೇಷ ಹೊಸತಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಬಳಿಕ ಮುಂಬಯಿಯಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಎದ್ದ ಅಲೆಗೆ ಉಡುಪಿ ಹೋಟೆಲುಗಳೂ ಗುರಿಯಾದವು. ತುಳುವ, ಕನ್ನಡಿಗ, ತಮಿಳ, ಮಲಯಾಳಿ ಎಂಬ ಭೇದವಿಲ್ಲದೆ ಎಲ್ಲರೂ 'ಮದ್ರಾಸಿ'ಗಳೆನಿಸಿದರು. ಆ ದಿನಗಳನ್ನು ಕಂಡ ಹಿರಿಯರು ಸಂಘ-ಸಂಸ್ಥೆಗಳಲ್ಲಿ ಇಂದಿಗೂ ಇದ್ದಾರೆ.

ಆದರೆ ದ್ವೇಷ ಒಂದೇ ಊರಿನ ಸೊತ್ತಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳರ ಮೇಲೆ ದಾಳಿಗಳಾದವು. 2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಅದೇ ನಗರವನ್ನು ತೊರೆದರು. ಅವರಿಗಾಗಿ ಗುವಾಹಟಿಗೆ ವಿಶೇಷ ರೈಲುಗಳೇ ಹೊರಟವು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸುಟ್ಟರೆ, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾಯಿತು. ಒಂದೂರಿನ ಪುಂಡಾಟಿಕೆಗೆ ಇನ್ನೊಂದೂರಿನಲ್ಲಿ ಹೊಟ್ಟೆಪಾಡಿಗೆ ನೆಲೆಸಿದವರು ಬೆಲೆ ತೆರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದಕ್ಕೆ ಮದ್ದು ಮುಂಬಯಿಗೆ ಹತ್ತಿರದಲ್ಲೇ ಇದೆ. 1984ರ ಗಲಭೆಯಲ್ಲಿ ನಲುಗಿದ್ದ ಭಿವಂಡಿಯಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆಯವರು 1988ರಿಂದ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂ-ಮುಸ್ಲಿಂ ನಿವಾಸಿಗಳು ಪೊಲೀಸರೊಂದಿಗೆ ಆಗಾಗ ಕೂತು ಮಾತಾಡಿದರು. ಸಣ್ಣ ಜಗಳಗಳು ದೊಡ್ಡದಾಗುವ ಮೊದಲೇ ಇತ್ಯರ್ಥಗೊಂಡವು. 1992-93ರಲ್ಲಿ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಅನಂತರ ಮುಂಬಯಿಯೂ ಇದೇ ದಾರಿ ಹಿಡಿಯಿತು. ಗಲಭೆಯ ದಿನ ಕೆಲಸಕ್ಕೆ ಬಂದದ್ದು ಅದಕ್ಕೂ ಮೊದಲೇ ಬೆಳೆದಿದ್ದ ಪರಿಚಯ.

ಇನ್ನೊಂದು ನಿದರ್ಶನ 2009ರದ್ದು. ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿದ್ದ ತಿರುವಳ್ಳುವರ್ ಪ್ರತಿಮೆ ಆ ಆಗಸ್ಟಿನಲ್ಲಿ ಅನಾವರಣಗೊಂಡಿತು. ಕೆಲವೇ ದಿನಗಳಲ್ಲಿ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ತಲೆಯೆತ್ತಿತು. ಕಾವೇರಿ ವ್ಯಾಜ್ಯ ಅದರಿಂದ ಮುಗಿಯಲಿಲ್ಲ, 2016 ಕೂಡ ತಪ್ಪಲಿಲ್ಲ. ಪ್ರತಿಮೆಗಳು ದಾರಿ ತೋರಬಲ್ಲವು, ನಡೆಯಬೇಕಾದವರು ಜನರೇ.

ಕನ್ನಡ ಸಂಘಗಳು ಮಾಡಬಹುದಾದ ಕೆಲಸ ಸಾಕಷ್ಟಿದೆ. ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ ನೆರೆಯ ಮರಾಠಿ, ತಮಿಳು, ಹಿಂದಿ ಭಾಷಿಕರನ್ನೂ ಕರೆದು ಕಥೆಯನ್ನು ಅವರ ಭಾಷೆಯಲ್ಲಿ ನಾಲ್ಕು ಮಾತಿನಲ್ಲಿ ಹೇಳಲಿ. ಹೊಸದಾಗಿ ಬಂದ ಯುವಕರಿಗೆ ಸ್ಥಳೀಯ ಭಾಷೆಯ ತರಗತಿ ನಡೆಸಲಿ. ಉದ್ರೇಕಕಾರಿ ಸಂದೇಶ ಬಂದಾಗ ನಿಜವೇನೆಂದು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ತಿಳಿಸಲು ಇಬ್ಬರು ಹೊಣೆಗಾರರನ್ನು ನೇಮಿಸಲಿ. ಏಟು ತಿಂದವರು ಒಂಟಿಯಾಗಿ ಠಾಣೆಗೆ ಹೋಗಬೇಕಾದ ಸ್ಥಿತಿ ಬಾರದಿರಲಿ. ಸಮುದಾಯಗಳ ನಡುವೆ ವೈರ ಬಿತ್ತುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ ಮೂರು ವರ್ಷಗಳವರೆಗೆ ಶಿಕ್ಷೆಯಾಗಬಹುದಾದ ಅಪರಾಧ ಎಂಬುದು ಸದಸ್ಯರೆಲ್ಲರಿಗೂ ತಿಳಿದಿರಲಿ.

ಎಲ್ಲಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. 2008ರಲ್ಲಿ ಮುಂಬಯಿಯಲ್ಲಿ ಉತ್ತರ ಭಾರತದ ಟ್ಯಾಕ್ಸಿ ಚಾಲಕರು ಪೆಟ್ಟು ತಿಂದರು. ಹಿಂದೊಮ್ಮೆ ಕನ್ನಡಿಗರು ನಿಂತಿದ್ದ ಜಾಗದಲ್ಲಿ ಅವರು ನಿಂತಿದ್ದರು. ಅಂಥ ಹೊತ್ತಿನಲ್ಲಿ 'ಈ ಬಾರಿ ಸರದಿ ನಮ್ಮದಲ್ಲ' ಎಂದು ಬಾಗಿಲು ಹಾಕಿಕೊಳ್ಳುವ ಸಂಘ, ತನ್ನ ಸರದಿ ಬಂದಾಗ ಯಾರ ಬಾಗಿಲು ತಟ್ಟೀತು?